ಪರದೆಗೆ ತಕ್ಕ ಗ್ರಾಫಿಕ್ಸ್ ಕಾರ್ಡು

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತನು ಹಲ್ಲು ಎಣಿಸುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಅದಾದ ಮೇಲಲ್ಲವೆ ಬೆಲೆಯ ಮಾತು? ಅದೇ ರೈತನ ಮಗನು ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡು ತರಲು ಮೈಸೂರಿಗೋ ಬೆಂಗಳೂರಿನ ಎಸ್.ಪಿ. ರಸ್ತೆಗೋ ಹೋದಾಗ, ಡಬ್ಬಿಯ ಮೇಲಿನ ಬಣ್ಣದ ಚಿತ್ರವನ್ನೂ ಅದರ ಹೆಸರಿನ ಮುಂದಿರುವ ಅಂಕಿಯನ್ನೂ ನಂಬಿ ಹಣ ತೆತ್ತು ಬರುವುದುಂಟು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ತಾಲ್ಲೂಕುಗಳಿಂದ ನಮ್ಮ ಕಾಲೇಜಿಗೆ ಬರುವ ಗೆಳೆಯರಲ್ಲಿ ಕಂಪ್ಯೂಟರಿನಲ್ಲಿ ಗೇಮ್ ಆಡುವ ಹವ್ಯಾಸವುಳ್ಳವರು ಹಲವರಿದ್ದಾರೆ. ಯಾವ ಕಾರ್ಡು ಮೇಲು ಎಂಬ ಚರ್ಚೆ ಬಸ್‌ ನಿಲ್ದಾಣದಲ್ಲಿಯೂ ಮುಗಿಯುವುದಿಲ್ಲ.

ಕಲಾ ವಿಭಾಗದ ವಿದ್ಯಾರ್ಥಿಗೆ ಈ ಯಂತ್ರದ ವಿಚಾರದಲ್ಲಿ ಏನು ಅಧಿಕಾರವೆಂದು ಗುರುಗಳು ಕೇಳಬಹುದು. ಮಿತವಾದ ಹಣದಿಂದ ಅಮಿತವಾದ ಬೇಕುಗಳನ್ನು ಹೇಗೆ ಪೂರೈಸಬೇಕೆಂಬುದು ಅರ್ಥಶಾಸ್ತ್ರದ ಮೊದಲನೆಯ ಪಾಠ. ಗ್ರಾಫಿಕ್ಸ್ ಕಾರ್ಡಿನ ಆಯ್ಕೆ ಆ ಪಾಠಕ್ಕೆ ಒಳ್ಳೆಯ ಉದಾಹರಣೆಯಾಗಿರುವುದರಿಂದಲೇ ಈ ಲೇಖನವನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲು ಈ ಕಾರ್ಡು ಮಾಡುವ ಕೆಲಸವೇನೆಂಬುದನ್ನು ತಿಳಿಯೋಣ. ಕಂಪ್ಯೂಟರಿನ ಪರದೆಯ ಮೇಲೆ ಕಾಣುವ ಚಿತ್ರವು ಪಿಕ್ಸೆಲ್ ಎಂಬ ಸಣ್ಣ ಸಣ್ಣ ಚುಕ್ಕೆಗಳಿಂದ ಆದುದು. ಸಾಧಾರಣ ಪರದೆಯಲ್ಲಿ ಅಡ್ಡಕ್ಕೆ 1920, ನಿಲುವಿಗೆ 1080 ಚುಕ್ಕೆಗಳು, ಒಟ್ಟು 20,73,600. ಅದಕ್ಕಿಂತ ಮೇಲ್ತರದ 1440ರ ಪರದೆಯಲ್ಲಿ ಅಡ್ಡಕ್ಕೆ 2560 ಚುಕ್ಕೆಗಳಿದ್ದು ಒಟ್ಟು 36,86,400 ಆಗುತ್ತವೆ. 4ಕೆ ಎಂದು ಕರೆಯಿಸಿಕೊಳ್ಳುವ ಪರದೆಯಲ್ಲಿ ಅಡ್ಡಕ್ಕೆ 3840, ನಿಲುವಿಗೆ 2160, ಒಟ್ಟು 82,94,400. ಎಂದರೆ ಸಾಧಾರಣ ಪರದೆಯ ನಾಲ್ಕರಷ್ಟು. ಆಟವು ತೊಡರಿಲ್ಲದೆ ಸಾಗಬೇಕಾದರೆ ಸೆಕೆಂಡಿಗೆ 60 ಚಿತ್ರಗಳಾದರೂ ಬೇಕೆಂದು ಇಟ್ಟುಕೊಂಡರೆ, 4ಕೆ ಪರದೆಗೆ ಸೆಕೆಂಡಿಗೆ ಸುಮಾರು 50 ಕೋಟಿ ಚುಕ್ಕೆಗಳ ಬಣ್ಣವನ್ನು ಲೆಕ್ಕ ಹಾಕಬೇಕು. ಒಂದೊಂದು ಚಿತ್ರಕ್ಕೆ ದೊರೆಯುವ ಸಮಯ ಸೆಕೆಂಡಿನ ಅರವತ್ತನೆಯ ಒಂದು ಭಾಗ ಮಾತ್ರ.

ಕೃಷ್ಣರಾಜನಗರದ ನಾಲೆ ಬಯಲಿನಲ್ಲಿ ನಾಟಿಯ ಕಾಲವನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕಂಪ್ಯೂಟರಿನ ಮುಖ್ಯ ಪ್ರೊಸೆಸರು ಗದ್ದೆಯ ಯಜಮಾನನಿದ್ದಂತೆ. ಇಂದು ಯಾವ ಗದ್ದೆ, ನಾಳೆ ಯಾವುದು ಎಂದು ನಿಶ್ಚಯಿಸುವವನು ಅವನು. ಗ್ರಾಫಿಕ್ಸ್ ಕಾರ್ಡು ನಾಟಿಯ ಆಳುಗಳ ಗುಂಪಿದ್ದಂತೆ. ಒಬ್ಬೊಬ್ಬರ ಕೆಲಸ ಸರಳ, ಆದರೆ ಎಲ್ಲರೂ ಒಟ್ಟಿಗೆ ಬಗ್ಗಿ ನೆಡುತ್ತಾರೆ. ಒಂದೆಕರೆ ನೆಡಲು ತಕ್ಕಷ್ಟು ಆಳುಗಳಿಗೆ ಅಷ್ಟೇ ಹೊತ್ತಿನಲ್ಲಿ ನಾಲ್ಕೆಕರೆ ನೆಡಿರೆಂದರೆ ಆದೀತೆ? ಸಾಧಾರಣ ಪರದೆಯಲ್ಲಿ ಚೆನ್ನಾಗಿ ಆಡಿದ ಕಾರ್ಡು 4ಕೆ ಪರದೆಯ ಮುಂದೆ ತಡವರಿಸುವುದು ಈ ಕಾರಣದಿಂದಲೇ.

ಆಳುಗಳಷ್ಟೇ ಮುಖ್ಯವಾದ ಮತ್ತೊಂದು ಉಂಟು. ಒಟ್ಲಿನಿಂದ ಕಿತ್ತ ಪೈರಿನ ಕಟ್ಟುಗಳು ಬದುವಿನ ಮೇಲೆ ಕೈಗೆಟಕುವಂತಿರಬೇಕು. ಕಟ್ಟು ಮುಗಿದು ದೂರದಿಂದ ಹೊತ್ತು ತರಬೇಕಾದರೆ ಎಷ್ಟೇ ಚುರುಕಾದ ಆಳಾದರೂ ಸೊಂಟಕ್ಕೆ ಕೈಯಿಟ್ಟು ನಿಲ್ಲಬೇಕಾಗುತ್ತದೆ. ಕಾರ್ಡಿನ ಮೇಲಿರುವ ಮೆಮೊರಿಯು ಈ ಬದುವಿದ್ದಂತೆ. 4ಕೆಯ ಒಂದು ಚಿತ್ರಕ್ಕೆ ಬೇಕಾದ ಮೆಮೊರಿ ಸುಮಾರು 33 ಮೆಗಾಬೈಟ್ ಮಾತ್ರ. ಜಾಗವನ್ನು ನುಂಗುವುದು ಗೋಡೆ, ಮರ, ಬಟ್ಟೆ, ಮುಖ ಇವುಗಳ ಮೇಲ್ಮೈ ಚಿತ್ರಗಳು. ಕಾರ್ಡಿನ ಮೆಮೊರಿ ತುಂಬಿದರೆ ಉಳಿದುದನ್ನು ಕಂಪ್ಯೂಟರಿನ ಸಾಮಾನ್ಯ ಮೆಮೊರಿಯಿಂದ ತರಿಸಬೇಕು. 2025ರಲ್ಲಿ ಬಂದ ರೇಡಿಯಾನ್ ಆರ್.ಎಕ್ಸ್. 9070 ಕಾರ್ಡು ತನ್ನ ಸ್ವಂತ ಮೆಮೊರಿಯಿಂದ ಸೆಕೆಂಡಿಗೆ 640 ಗಿಗಾಬೈಟ್ ಓದಬಲ್ಲದು. ಹೊರಗಿನಿಂದ ತರುವ ದಾರಿಯ ಅಗಲವೋ, ಹೊಸ ಬೋರ್ಡಿನಲ್ಲಿಯೂ ಸುಮಾರು 64 ಗಿಗಾಬೈಟ್. ಹತ್ತರಲ್ಲಿ ಒಂದು ಪಾಲು! ಆಗಲೇ ಆಟವು ನಡುನಡುವೆ ಗಕ್ಕನೆ ನಿಂತು ಮುಂದೆ ಸಾಗುವುದು.

ಇನ್ನು ಪೈಪೋಟಿಯ ಕಥೆ. ಈ ಕಣದಲ್ಲಿ ಮೂವರು ಮಲ್ಲರಿದ್ದಾರೆ. 1993ರಲ್ಲಿ ಹುಟ್ಟಿದ ಎನ್‌ವಿಡಿಯಾ ಸಂಸ್ಥೆಯು 1999ರಲ್ಲಿ ಜಿಫೋರ್ಸ್ 256 ಎಂಬ ಕಾರ್ಡನ್ನು ಹೊರತಂದು ಹೆಸರಾಯಿತು. ಕೆನಡಾ ದೇಶದ ಎ.ಟಿ.ಐ. ಸಂಸ್ಥೆಯನ್ನು 2006ರಲ್ಲಿ ಕೊಂಡು ಎ.ಎಂ.ಡಿ. ಈ ಕಣಕ್ಕಿಳಿಯಿತು. ಇಂಟೆಲ್ ಸಂಸ್ಥೆ ತನ್ನ ಆರ್ಕ್ ಕಾರ್ಡುಗಳೊಡನೆ 2022ರಲ್ಲಿ ಬಂದಿತು. ಮೂರಕ್ಕೂ ಬೆಂಗಳೂರಿನಲ್ಲಿ ಕಾರ್ಯಸ್ಥಾನಗಳಿವೆ; ಎ.ಎಂ.ಡಿ. ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ಅಲ್ಲಿಯೇ ತೆರೆಯಿತು. ನಾವು ಜಗಳವಾಡುವ ಈ ವಸ್ತುವಿನ ವಿನ್ಯಾಸದಲ್ಲಿ ನಮ್ಮ ನಾಡಿನ ಎಂಜಿನಿಯರುಗಳ ಪಾಲೂ ಇದೆ ಎಂಬುದು ಸಂತೋಷದ ಸಂಗತಿ.

ಆಯ್ಕೆ ಎಷ್ಟು ಕಠಿಣವೆಂಬುದಕ್ಕೆ 2025ರ ಮಾರ್ಚಿ ತಿಂಗಳು ಒಳ್ಳೆಯ ನಿದರ್ಶನ. ಆಗ ಎನ್‌ವಿಡಿಯಾದ ಆರ್.ಟಿ.ಎಕ್ಸ್. 5070, ಎ.ಎಂ.ಡಿ.ಯ ಆರ್.ಎಕ್ಸ್. 9070 ಎಂಬ ಎರಡು ಕಾರ್ಡುಗಳು ಒಂದೇ ತಿಂಗಳಲ್ಲಿ ಪೇಟೆಗೆ ಬಂದುವು. ಅಮೆರಿಕದಲ್ಲಿ ಸಾರಿದ ಬೆಲೆಯೂ ಒಂದೇ, 549 ಡಾಲರು. ಮೊದಲನೆಯದರಲ್ಲಿ ಮೆಮೊರಿ 12 ಗಿಗಾಬೈಟ್, ಎರಡನೆಯದರಲ್ಲಿ 16. ಮೊದಲನೆಯದು ಬೇಡುವ ವಿದ್ಯುತ್ತು 250 ವ್ಯಾಟ್, ಎರಡನೆಯದು 220. ಇಷ್ಟೇ ಆಗಿದ್ದರೆ ಎರಡನೆಯದೇ ಮೇಲೆಂದು ತೀರ್ಪು ಕೊಡಬಹುದಾಗಿತ್ತು. ಆದರೆ ಎನ್‌ವಿಡಿಯಾದ ಕೈಯಲ್ಲಿ ಡಿ.ಎಲ್.ಎಸ್.ಎಸ್. ಎಂಬ ವಿದ್ಯೆಯುಂಟು. ಚಿತ್ರವನ್ನು ಚಿಕ್ಕ ಅಳತೆಯಲ್ಲಿ ಬರೆದು, ಕಲಿತ ಯಂತ್ರಬುದ್ಧಿಯ ನೆರವಿನಿಂದ ದೊಡ್ಡದು ಮಾಡಿ ತೋರಿಸುವುದೇ ಈ ವಿದ್ಯೆ. ಎ.ಎಂ.ಡಿ.ಗೆ ಎಫ್.ಎಸ್.ಆರ್., ಇಂಟೆಲಿಗೆ ಎಕ್ಸ್.ಇ.ಎಸ್.ಎಸ್. ಎಂಬ ಇಂಥವೇ ವಿದ್ಯೆಗಳಿವೆ. ಆದುದರಿಂದ ನೀವು ಆಡುವ ಆಟವು ಇವುಗಳಲ್ಲಿ ಯಾವುದಕ್ಕೆ ಒಗ್ಗಿದೆ ಎಂಬುದನ್ನೂ ವಿಚಾರಿಸಬೇಕು.

ಇಲ್ಲಿ ಒಂದು ಎಚ್ಚರಿಕೆಯ ಮಾತು. 2025ರ ಜನವರಿಯಲ್ಲಿ ಎನ್‌ವಿಡಿಯಾದ ಮುಖ್ಯಸ್ಥರಾದ ಜೆನ್ಸನ್ ಹುವಾಂಗ್ ಅವರು, 549 ಡಾಲರಿನ 5070 ಕಾರ್ಡು ಹಿಂದಿನ ಪೀಳಿಗೆಯ ಅತ್ಯುನ್ನತ ಕಾರ್ಡಾದ 4090ರ ಸಾಮರ್ಥ್ಯವನ್ನು ಕೊಡುವುದೆಂದು ವೇದಿಕೆಯ ಮೇಲೆ ಸಾರಿದರು. ಅದು ಯಂತ್ರಬುದ್ಧಿಯ ಬಲದಿಂದ ಎಂದೂ ಅವರೇ ಹೇಳಿದರು. ನಿಜವಾಗಿ ಬರೆದ ಒಂದು ಚಿತ್ರದ ಬೆನ್ನಿಗೆ ಊಹಿಸಿದ ಮೂರು ಚಿತ್ರಗಳವರೆಗೆ ಸೇರಿಸಿ ಎಣಿಸಿದಾಗ ಬರುವ ಲೆಕ್ಕ ಅದು. ಸೇರಿಸಿದ ಚಿತ್ರಗಳಿಂದ ನೋಟವು ನುಣುಪಾಗುತ್ತದೆ. ಆದರೆ ಗುಂಡಿ ಒತ್ತಿದ ಮೇಲೆ ಆಟವು ಓಗೊಡುವ ವೇಗ ಅದರಿಂದ ಹೆಚ್ಚುವುದಿಲ್ಲ. ಹಾಲಿಗೆ ನೀರು ಬೆರೆಸಿದರೆ ಲೀಟರಿನ ಲೆಕ್ಕ ಏರಬಹುದು, ಕೆನೆ ಏರದು. ಎರಡು ಕಾರ್ಡುಗಳನ್ನು ತೂಗುವಾಗ ನಿಜವಾಗಿ ಬರೆದ ಚಿತ್ರಗಳನ್ನೇ ಎಣಿಸಿದ ಪರೀಕ್ಷೆಗಳನ್ನು ನೋಡತಕ್ಕದ್ದು.

ಇನ್ನೊಂದು ಎಚ್ಚರಿಕೆ ಹೆಸರಿನ ಬಗ್ಗೆ. ನಮ್ಮ ಕಡೆಯ ಹೊಗೆಸೊಪ್ಪಿನ ಹರಾಜಿನಲ್ಲಿ, ಒಂದೇ ಬ್ಯಾರನ್ನಿನಲ್ಲಿ ಬೆಂದ ಸೊಪ್ಪಾದರೂ ದರ್ಜೆ ಬೇರೆಯಾದರೆ ಬೆಲೆಯೂ ಬೇರೆ. ಬೇಲು ಬಿಚ್ಚಿ ನೋಡದೆ ಯಾರೂ ಕೂಗುವುದಿಲ್ಲ. ಕಾರ್ಡುಗಳಲ್ಲಿಯೂ ಒಂದೇ ಹೆಸರಿಗೆ ಎರಡು ದರ್ಜೆಗಳುಂಟು. 2025ರಲ್ಲಿ ಬಂದ ಆರ್.ಟಿ.ಎಕ್ಸ್. 5060 ಟಿ.ಐ. ಮತ್ತು ಆರ್.ಎಕ್ಸ್. 9060 ಎಕ್ಸ್.ಟಿ. ಇವೆರಡೂ 8 ಗಿಗಾಬೈಟಿನಲ್ಲಿಯೂ ಸಿಗುತ್ತವೆ, 16ರಲ್ಲಿಯೂ ಸಿಗುತ್ತವೆ. ಬಿಡುಗಡೆಯ ಕಾಲದಲ್ಲಿ ಎರಡಕ್ಕೂ ಇದ್ದ ಅಂತರ 50 ಡಾಲರು ಮಾತ್ರ. ಮೇಲ್ತರದ ಪರದೆಯಲ್ಲಿ ಆಡುವವನಿಗೆ ಈ ಅಲ್ಪ ಅಂತರವೇ ನಾಲ್ಕೈದು ವರ್ಷಗಳ ಬಾಳಿಕೆಯನ್ನು ನಿರ್ಧರಿಸೀತು.

ಈ ವಿಚಾರಗಳೆಲ್ಲ ಬರಿಯ ಪುಸ್ತಕದ ಮಾತಾಗಬಾರದೆಂದು ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗವನ್ನು ಹೇಳುತ್ತೇನೆ. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿರುವ ನನ್ನ ಚಿಕ್ಕಪ್ಪನವರು ಹೊಗೆಸೊಪ್ಪು ಬೆಳೆಯುವವರು. ಅವರ ಮಗ, ನನಗೆ ತಮ್ಮನಾಗಬೇಕಾದವನು, 27 ಅಂಗುಲದ 4ಕೆ ಪರದೆಯನ್ನೂ 5070 ಕಾರ್ಡನ್ನೂ ಕೊಡಿಸೆಂದು ಹಟ ಹಿಡಿದಿದ್ದ. ಅವನಿಗೆ ಆಟದೊಡನೆ ಬ್ಲೆಂಡರ್ ತಂತ್ರಾಂಶದಲ್ಲಿ ಅನಿಮೇಷನ್ ಕಲಿಯುವ ಆಸೆಯೂ ಇತ್ತು. ಹರಾಜಿನ ಹಣ ಬಂದಿತ್ತು ನಿಜ. ಆದರೆ ಅದರಲ್ಲಿ ಮುಂದಿನ ಬೆಳೆಯ ಗೊಬ್ಬರ, ಬ್ಯಾರನ್ನಿನ ಸೌದೆ, ತಂಗಿಯ ಕಾಲೇಜು ಶುಲ್ಕ ಎಲ್ಲವೂ ಹೊರಡಬೇಕಾಗಿತ್ತು. ಚಿಕ್ಕಪ್ಪ ನನ್ನನ್ನು ಕರೆದು, “ನೋಡಪ್ಪ, ಓದಿರೋನು ನೀನು. ಅಷ್ಟು ದುಡ್ಡು ಹಾಕಬೇಕಾ ಬೇಡವಾ ನೀನೇ ಹೇಳು, ನೀನು ಹೇಳಿದ ಹಾಗೆ ಮಾಡ್ತೀನಿ” ಎಂದರು. ಹಾಗೆಂದ ಮೇಲೆ ಹಗುರವಾಗಿ ಮಾತನಾಡುವಂತಿರಲಿಲ್ಲ.

ನಾನೂ ತಮ್ಮನೂ ಕಾಗದ ಪೆನ್ಸಿಲು ಹಿಡಿದು ಕುಳಿತೆವು. ಮೊದಲು ಪರದೆ. 27 ಅಂಗುಲದ 1440ರ ಪರದೆಯಲ್ಲಿ ಒಂದು ಚುಕ್ಕೆಯ ಅಗಲ ಸುಮಾರು 0.23 ಮಿಲಿಮೀಟರು, ಅದೇ ಅಳತೆಯ 4ಕೆ ಪರದೆಯಲ್ಲಿ 0.16. ಎರಡಡಿ ದೂರದಲ್ಲಿ ಕುಳಿತವನ ಸಾಮಾನ್ಯ ದೃಷ್ಟಿ ಬೇರ್ಪಡಿಸಿ ಕಾಣಬಲ್ಲ ಅತಿ ಸಣ್ಣ ಅಂತರ ಸುಮಾರು 0.18. ಎಂದರೆ 4ಕೆ ಪರದೆಗಾಗಿ ಎರಡೂಕಾಲರಷ್ಟು ಚುಕ್ಕೆಗಳನ್ನು ಬರೆಯಿಸಿದರೂ ಆ ಹೆಚ್ಚಳದಲ್ಲಿ ಒಂದು ಪಾಲು ಕಣ್ಣಿಗೆ ದಕ್ಕುವುದೇ ಇಲ್ಲ. ಆದುದರಿಂದ 1440 ಸಾಕೆಂದು ಒಪ್ಪಿದೆವು.

ಎರಡನೆಯದು ವಿದ್ಯುತ್ತು. 250 ವ್ಯಾಟಿನ ಕಾರ್ಡುಳ್ಳ ಕಂಪ್ಯೂಟರು ಆಟದ ಹೊತ್ತಿನಲ್ಲಿ ಒಟ್ಟು 400 ವ್ಯಾಟ್ ಎಳೆಯುತ್ತದೆಂದು ಇಟ್ಟುಕೊಂಡರೆ, ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ 36 ಯೂನಿಟ್. 2023ರಲ್ಲಿ ಗೃಹಜ್ಯೋತಿ ಯೋಜನೆ ಜಾರಿಗೆ ಬಂದಾಗ, ಪ್ರತಿ ಮನೆಯ ಹಿಂದಿನ ಸರಾಸರಿ ಬಳಕೆಯನ್ನು ಆಧಾರವಾಗಿಟ್ಟುಕೊಂಡೇ ಉಚಿತ ಯೂನಿಟ್ಟುಗಳನ್ನು ಗೊತ್ತುಮಾಡಿದರು. ಹೊಸದಾಗಿ 36 ಯೂನಿಟ್ ಸೇರಿದರೆ ಮಿತಿ ಮೀರುವ ಭಯವುಂಟು. ಅಲ್ಲದೆ ಹಳ್ಳಿಯಲ್ಲಿ ವಿದ್ಯುತ್ತು ಹೋಗುವುದು ಹೊಸದಲ್ಲ. ಅವರ ಮನೆಯಲ್ಲಿದ್ದ 600 ವಿ.ಎ. ಯು.ಪಿ.ಎಸ್. ಹೊರಬಲ್ಲದ್ದು 360 ವ್ಯಾಟ್ ಮಾತ್ರ. ದೊಡ್ಡ ಕಾರ್ಡು ಬಂದರೆ ದೊಡ್ಡ ಯು.ಪಿ.ಎಸ್. ಕೂಡ ಬರಬೇಕು.

ಮೂರನೆಯದು ಉಪಯೋಗ. ಬ್ಲೆಂಡರಿನ ಕೆಲಸಕ್ಕೆ ಎನ್‌ವಿಡಿಯಾದ ಕಾರ್ಡುಗಳು ಹೆಚ್ಚು ಒಗ್ಗಿವೆ. ಆದರೆ ದೊಡ್ಡ ದೃಶ್ಯಗಳಿಗೆ 12 ಗಿಗಾಬೈಟಿಗಿಂತ 16 ಇದ್ದರೆ ಅನುಕೂಲ. ಈ ಎರಡು ಬೇಕುಗಳೂ ಕೂಡಿದ್ದುದು 5070ರಲ್ಲಿಯೂ ಅಲ್ಲ, 9070ರಲ್ಲಿಯೂ ಅಲ್ಲ. ಅವುಗಳಿಗಿಂತ ಒಂದು ಮೆಟ್ಟಿಲು ಕೆಳಗಿನ 5060 ಟಿ.ಐ. ಕಾರ್ಡಿನ 16 ಗಿಗಾಬೈಟ್ ದರ್ಜೆಯಲ್ಲಿ. ಅದರ ವಿದ್ಯುತ್ತು 180 ವ್ಯಾಟ್, ಸಾರಿದ ಬೆಲೆ 429 ಡಾಲರು. “ಅಣ್ಣ, 5070 ಕಾಲುಭಾಗಕ್ಕಿಂತ ಹೆಚ್ಚು ವೇಗ ಇದೆಯಲ್ಲ” ಎಂದು ತಮ್ಮ ವಾದಿಸಿದ. ಅವನ ಮಾತು ಸರಿಯೇ. ಆದರೆ ಅವನಿಗೆ ಪ್ರಿಯವಾದ ಕಥೆಯ ಆಟಗಳಿಗೆ ಸೆಕೆಂಡಿಗೆ 60 ಚಿತ್ರ ಸಾಕು. ಕೆಲವು ಆಟಗಳಲ್ಲಿ ನೆರಳು ಬೆಳಕಿನ ಗುಣವನ್ನು ಒಂದು ಮೆಟ್ಟಿಲು ಇಳಿಸಬೇಕಾದೀತೆಂದೂ ಅವನಿಗೆ ಮುಚ್ಚಿಡದೆ ಹೇಳಿದೆ. ಒಂದು ದಿನ ಯೋಚಿಸಿ ಅವನೇ ಒಪ್ಪಿದ. ಉಳಿದ ಹಣದಲ್ಲಿ ಒಂದು ಭಾಗ ಒಳ್ಳೆಯ ಪವರ್ ಸಪ್ಲೈಗೆ ಹೋಯಿತು. ಮಿಕ್ಕದ್ದು ಚಿಕ್ಕಪ್ಪನ ಪೆಟ್ಟಿಗೆಯಲ್ಲಿಯೇ ಉಳಿಯಿತು.

ಇದು ಎಲ್ಲರಿಗೂ ಸಲ್ಲುವ ತೀರ್ಪೆಂದು ನನ್ನ ಅಭಿಪ್ರಾಯವಲ್ಲ. ಬರಿಯ ಆಟಕ್ಕಾಗಿ 1440ರ ಪರದೆಯನ್ನು ಇಟ್ಟುಕೊಂಡು ಐದು ವರ್ಷ ಬಾಳಿಸುವೆನೆನ್ನುವವನಿಗೆ, ಬೆಲೆ ಸರಿಸಮವಾಗಿದ್ದರೆ, ನಾನು 9070ನ್ನೇ ಹೇಳುತ್ತೇನೆ. ಅದರ 16 ಗಿಗಾಬೈಟೇ ಅದಕ್ಕೆ ಕಾರಣ. ಸಾಧಾರಣ ಪರದೆಯಲ್ಲಿಯೇ ತೃಪ್ತನಾದವನಿಗೆ 2024ರ ಡಿಸೆಂಬರಿನಲ್ಲಿ 249 ಡಾಲರಿಗೆ ಬಂದ, 12 ಗಿಗಾಬೈಟಿನ ಇಂಟೆಲ್ ಆರ್ಕ್ ಬಿ580ಯಂಥ ಕಾರ್ಡು ಯೋಗ್ಯವಾದೀತು. ಡಾಲರಿನ ಬೆಲೆಯನ್ನು ರೂಪಾಯಿಗೆ ತಿರುಗಿಸಿದರೆ ಮಾತ್ರ ಸಾಲದು; ಇಲ್ಲಿ ಶೇಕಡ 18ರ ಜಿ.ಎಸ್.ಟಿ. ಸೇರುತ್ತದೆ. ಬೆಲೆಗಳು ತಿಂಗಳಿಂದ ತಿಂಗಳಿಗೆ ಏರಿಳಿಯುವುದರಿಂದ ಕೊಳ್ಳುವ ದಿನದ ಬೆಲೆಯನ್ನೇ ಹೋಲಿಸಬೇಕು. ರಸೀದಿಯಲ್ಲಿ ಕಾರ್ಡಿನ ಸೀರಿಯಲ್ ಸಂಖ್ಯೆಯನ್ನು ಬರೆಯಿಸಿಕೊಂಡರೆ ವಾರಂಟಿಯ ಕಾಲದಲ್ಲಿ ತೊಂದರೆ ತಪ್ಪುತ್ತದೆ.

ಒಟ್ಟಿನಲ್ಲಿ, ಕೇಳಿಕೊಳ್ಳಬೇಕಾದ ಪ್ರಶ್ನೆಗಳಿಗೆ ಒಂದು ಕ್ರಮವುಂಟು: ನನ್ನ ಪರದೆ ಯಾವುದು? ನಾನು ಆಡುವ ಆಟಗಳಾವುವು? ಆಟವಲ್ಲದೆ ಬೇರೆ ಕೆಲಸವುಂಟೆ? ಅದಕ್ಕೆ ಮೆಮೊರಿ ಎಷ್ಟು ಬೇಕು? ಮನೆಯ ವಿದ್ಯುತ್ತು ಅದನ್ನು ತಾಳೀತೆ? ಇವೆಲ್ಲಕ್ಕೂ ಉತ್ತರ ದೊರೆತ ಮೇಲೆ ಕಡೆಯದಾಗಿ, ಯಾವ ಸಂಸ್ಥೆ? ನಮ್ಮಲ್ಲಿ ಅನೇಕರು ಈ ಕಡೆಯ ಪ್ರಶ್ನೆಯಿಂದಲೇ ಆರಂಭಿಸಿ ಅಲ್ಲಿಯೇ ಜಗಳವಾಡಿ ನಿಲ್ಲುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚೆಂದು ಹಿರಿಯರು ಹೇಳಿದ್ದಾರೆ. ಇಲ್ಲಿ ಪರದೆಯೇ ಹಾಸಿಗೆ. ಬೆವರು ಸುರಿಸಿ ದುಡಿದವರ ಹಣದಿಂದ ಕೊಳ್ಳುವ ನಾವು ಲೆಕ್ಕ ಹಾಕಿ ಕೊಂಡರೆ ಆಟದ ಸಂತೋಷವೂ ಉಳಿಯುತ್ತದೆ, ಮನೆಯವರ ನೆಮ್ಮದಿಯೂ ಉಳಿಯುತ್ತದೆ.