ಶಾಲೆಯ ಕ್ಯಾಲೆಂಡರ್ ಮತ್ತು ಟೀಚರ್‌ನ ಮುಪ್ಪು

ಪ್ರತಿ ವರ್ಷ ಶಾಲೆ ತೆರೆಯುವ ಹೊತ್ತಿಗೆ ನಿಮ್ಮ ಮನೆಗೂ ಒಂದು ಕ್ಯಾಲೆಂಡರ್ ಬರುತ್ತದೆ. ಪರೀಕ್ಷೆ ಎಂದು, ದಸರಾ ರಜೆ ಎಷ್ಟು ದಿನ, ರಮಝಾನ್‌ನಲ್ಲಿ ತರಗತಿ ಎಷ್ಟು ಗಂಟೆಗೆ ಎಂದು ನೀವು ಅದರಲ್ಲಿ ನೋಡುತ್ತೀರಿ. ಆದರೆ ಆ ಕ್ಯಾಲೆಂಡರ್‌ನ ದಿನಗಳನ್ನು ದುಡಿದು ತುಂಬಿಸುವ ಟೀಚರ್‌ನ ಬದುಕಿನ ಲೆಕ್ಕ ಎಲ್ಲಿದೆ ಎಂದು ಯೋಚಿಸಿದ್ದೀರಾ? ಆ ಟೀಚರ್ ನಿಮ್ಮ ಮಗಳೋ, ಸೊಸೆಯೋ, ಸ್ವತಃ ನೀವೋ ಆಗಿರಬಹುದು.

ಬೆಂಗಳೂರು ನಗರದ ಶಾಲೆಗಳು ಉತ್ತರ, ದಕ್ಷಿಣ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಲ್ಲಿ ಹಂಚಿಹೋಗಿವೆ. ಶಿಕ್ಷಣ ಇಲಾಖೆ ವರ್ಷದ ವೇಳಾಪಟ್ಟಿ ಕೊಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟನೇ ತರಗತಿಗೆ 220 ದಿನ ಪಾಠ ನಡೆಯಬೇಕು. ಪಾಠದ ಸಿದ್ಧತೆಯೂ ಸೇರಿ ಶಿಕ್ಷಕರಿಗೆ ವಾರಕ್ಕೆ 45 ಗಂಟೆಯ ಕೆಲಸ. ನಡುವೆ ಏನಾದರೂ ಬಂದರೆ ಲೆಕ್ಕ ಸರಿದೂಗಿಸುವವರೂ ಅವರೇ. 2025ರ ಅಕ್ಟೋಬರ್‌ನಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ ಸರಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆ 18ರವರೆಗೆ ಮುಂದುವರಿಯಿತು. ಮಕ್ಕಳಿಗೆ ಅದು ರಜೆ. ಸಮೀಕ್ಷೆಗೆ ಹೊರಟ ಶಿಕ್ಷಕರಿಗೆ ಮನೆ ಮನೆ ಸುತ್ತುವ ಕೆಲಸ.

ಬೇಸಿಗೆ ರಜೆಯ ಸಂಬಳ

ವಿಜಯನಗರ, ಬಸವೇಶ್ವರನಗರ, ರಾಜಾಜಿನಗರ, ಕೆಂಗೇರಿಯ ಗಲ್ಲಿಗಳಲ್ಲಿ ಸಣ್ಣ ಖಾಸಗಿ ಶಾಲೆಗಳು ಕಡಿಮೆಯೇನಿಲ್ಲ. ಅಂಥ ಕೆಲವು ಶಾಲೆಗಳಲ್ಲಿ ಏಪ್ರಿಲ್‌ಗೆ ಸಂಬಳ ನಿಲ್ಲುತ್ತದೆ, ಜೂನ್‌ನಲ್ಲಿ ಮತ್ತೆ ಹೊಸ ನೇಮಕಾತಿ ಎನ್ನುತ್ತಾರೆ. ಹತ್ತು ವರ್ಷ ಕಲಿಸಿದ ನಂತರ ಕೇಳಿದರೆ, "ನಿಮ್ಮದು ಹತ್ತು ತಿಂಗಳ ಸೇವೆ ಮಾತ್ರ" ಎಂಬ ಉತ್ತರ ಸಿಗುತ್ತದೆ. ಈ ಮಾತನ್ನು ನಂಬಿ ಸುಮ್ಮನಾಗಬೇಡಿ. ರಜೆಯಿಂದ, ಕಾಯಿಲೆಯಿಂದ ಅಥವಾ ನಿಮ್ಮ ತಪ್ಪಿಲ್ಲದೆ ಕೆಲಸ ನಿಂತದ್ದರಿಂದ ಗ್ರಾಚ್ಯುಟಿಯ ಸೇವೆ ಕಡಿದುಹೋಗುವುದಿಲ್ಲ. 26 ವಾರಗಳ ಹೆರಿಗೆ ರಜೆಯೂ ಸೇವೆಯ ಲೆಕ್ಕಕ್ಕೆ ಸೇರುತ್ತದೆ.

ಶಿಕ್ಷಕರಿಗೆ ಈ ಹಕ್ಕು ಸುಲಭವಾಗಿ ದಕ್ಕಿದ್ದಲ್ಲ. 2004ರಲ್ಲಿ ಸುಪ್ರೀಂ ಕೋರ್ಟ್, 1972ರ ಗ್ರಾಚ್ಯುಟಿ ಕಾಯಿದೆಯಲ್ಲಿ 'ನೌಕರ' ಎಂಬ ಪದಕ್ಕಿದ್ದ ಅರ್ಥದೊಳಗೆ ಶಿಕ್ಷಕರು ಬರುವುದಿಲ್ಲ ಎಂದಿತು. 2009ರಲ್ಲಿ ಸಂಸತ್ತು ಕಾಯಿದೆ ತಿದ್ದಿ, 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಶಿಕ್ಷಕರನ್ನು ಸೇರಿಸಿತು. ಖಾಸಗಿ ಶಾಲೆಗಳು ಮತ್ತೆ ಕೋರ್ಟಿಗೆ ಹೋದವು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. 2025ರ ನವೆಂಬರ್ 21ರಿಂದ ಈ ವಿಷಯ ಸಾಮಾಜಿಕ ಭದ್ರತಾ ಸಂಹಿತೆಯ ಅಡಿಯಲ್ಲಿದೆ.

ಲೆಕ್ಕ ಕಷ್ಟದ್ದಲ್ಲ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಶಾಲೆ, ಐದು ವರ್ಷದ ಸೇವೆ, ಇಷ್ಟಿದ್ದರೆ ಸಾಕು. ಕೊನೆಯ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿ. 13,000 ರೂಪಾಯಿ ಸಂಬಳದಲ್ಲಿ 16 ವರ್ಷ ಕಲಿಸಿದವರಿಗೆ 1,20,000 ರೂಪಾಯಿ ಬರಬೇಕು. ಸೇವೆಯಲ್ಲಿರುವಾಗಲೇ ಮರಣ ಹೊಂದಿದರೆ ಐದು ವರ್ಷದ ನಿಯಮವೂ ಇಲ್ಲ. ಹಣ ಕುಟುಂಬಕ್ಕೆ ಸೇರುತ್ತದೆ.

ಪಿಎಫ್ ಹಣ ತೆಗೆಯುವ ಮುನ್ನ

ಇಪ್ಪತ್ತು ಅಥವಾ ಹೆಚ್ಚು ಸಿಬ್ಬಂದಿಯಿರುವ ಶಾಲೆಗೆ ಭವಿಷ್ಯನಿಧಿ ಅನ್ವಯಿಸುತ್ತದೆ. ನಿಮ್ಮ ಸಂಬಳದಿಂದ ಶೇ. 12 ಕಡಿತವಾದರೆ ಆಡಳಿತವೂ ಶೇ. 12 ಕಟ್ಟಬೇಕು. ಅದರಲ್ಲಿ ಶೇ. 8.33 ಪಿಂಚಣಿಗೆ ಹೋಗುತ್ತದೆ. ಹತ್ತು ವರ್ಷ ಪೂರೈಸಿದವರಿಗೆ 58ರ ವಯಸ್ಸಿನಿಂದ ಪಿಂಚಣಿ. ಸರಾಸರಿ 12,000 ಸಂಬಳದಲ್ಲಿ 14 ವರ್ಷದ ಸೇವೆಯಿದ್ದರೆ ತಿಂಗಳಿಗೆ 2,400 ರೂಪಾಯಿ. ಸಣ್ಣ ಮೊತ್ತವೇ ಹೌದು. ಆದರೆ ಔಷಧಿಗಾಗಿ ಮಕ್ಕಳ ಮುಂದೆ ಕೈಚಾಚದಿರಲು ಅದು ಸಾಕಾಗಬಹುದು.

ಮದುವೆಯಾಯಿತು, ಮಗುವಾಯಿತು, ಮನೆ ಬದಲಾಯಿತು ಎಂದು ನಮ್ಮ ಹೆಣ್ಣುಮಕ್ಕಳು ಕೆಲಸ ಬಿಡುತ್ತಾರೆ. ಬಿಟ್ಟ ಕೂಡಲೇ ಪಿಎಫ್ ತೆಗೆದು ಒಡವೆಗೋ ಫ್ರಿಜ್‌ಗೋ ಹಾಕುತ್ತಾರೆ. ಹೀಗೆ ಪಿಂಚಣಿಯ ಹಣವನ್ನೂ ತೆಗೆದುಬಿಟ್ಟರೆ ಕೂಡಿಟ್ಟ ಸೇವೆಯ ವರ್ಷಗಳೂ ಹೋಗುತ್ತವೆ. ತೆಗೆಯಬೇಡಿ. ಮುಂದಿನ ಶಾಲೆಗೆ ಸೇರಿದಾಗ ಹಳೆಯ ಯುಎಎನ್ ಸಂಖ್ಯೆಯನ್ನೇ ಕೊಟ್ಟು ಖಾತೆಯನ್ನು ವರ್ಗಾಯಿಸಿಕೊಳ್ಳಿ.

ಸರಕಾರಿ ಶಾಲೆಯಲ್ಲಿ 2006ರ ಏಪ್ರಿಲ್ 1ರ ನಂತರ ಸೇರಿದವರು ಹೊಸ ಪಿಂಚಣಿ ಯೋಜನೆಯಡಿ ನೇಮಕಗೊಂಡವರು. ಅವರೂ ತಮ್ಮ ಖಾತೆಗೆ ವಂತಿಗೆ ಸರಿಯಾಗಿ ಜಮೆಯಾಗಿದೆಯೇ ಎಂದು ನೋಡುತ್ತಿರಬೇಕು.

ಇಂದೇ ಮಾಡಬೇಕಾದ್ದು

ನೇಮಕಾತಿ ಪತ್ರ, ಸಂಬಳದ ಚೀಟಿ, ಪ್ರತಿ ವರ್ಷದ ಶಾಲಾ ಕ್ಯಾಲೆಂಡರ್, ಎಲ್ಲವನ್ನೂ ಒಂದು ಫೈಲಿನಲ್ಲಿಡಿ. ಬೇಸಿಗೆ ರಜೆಯಲ್ಲಿ ಪ್ರವೇಶಾತಿ ಕೆಲಸಕ್ಕೆ ಕರೆದ ದಿನಗಳನ್ನು ಬರೆದಿಡಿ. ಪಿಎಫ್ ಪಾಸ್‌ಬುಕ್ ಮೂರು ತಿಂಗಳಿಗೊಮ್ಮೆ ನೋಡಿ. ಮದುವೆಯ ನಂತರ ನಾಮಿನಿ ಅರ್ಜಿಯನ್ನು ಹೊಸದಾಗಿ ಕೊಡಿ. ಕೆಲಸ ಬಿಟ್ಟ 30 ದಿನಗಳೊಳಗೆ ಗ್ರಾಚ್ಯುಟಿಗೆ ಲಿಖಿತ ಅರ್ಜಿ ಸಲ್ಲಿಸಿ, ಪ್ರತಿಗೆ ಸಹಿ ಪಡೆಯಿರಿ. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ಅದರ ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ.

ನಿಮ್ಮ ಮನೆಯವರು ಶಾಲೆಯ ಆಡಳಿತ ಸಮಿತಿಯಲ್ಲಿದ್ದರೆ ಅವರಿಗೂ ಒಂದು ಮಾತು ಹೇಳಿ. ಕ್ಯಾಲೆಂಡರ್ ಬರೆಯುವ ದಿನವೇ ಹನ್ನೆರಡು ತಿಂಗಳ ಸಂಬಳ, ಪಿಎಫ್, ಗ್ರಾಚ್ಯುಟಿಯ ಪಾಲನ್ನೂ ಬಜೆಟ್‌ನಲ್ಲಿ ಬರೆಯಲಿ. ದುಡಿದವರ ಬೆವರು ಆರುವ ಮುನ್ನ ಕೂಲಿ ಕೊಡಿ ಎಂಬ ಪ್ರವಾದಿವರ್ಯರ(ಸ) ಉಪದೇಶ ನಮಗೆಲ್ಲ ಬಾಯಿಪಾಠ. ಬೋರ್ಡಿನ ಮುಂದೆ ನಿಂತು ಬೆವರಿದವರಿಗೂ ಅದು ಅನ್ವಯಿಸುತ್ತದೆ.