ಗ್ರಾಮದ ನಕ್ಷೆಯೂ ಗ್ರಾಮದ ಹಿತವೂ

ಪ್ರತಿ ಗ್ರಾಮಕ್ಕೂ ಒಂದು ನಕ್ಷೆಯುಂಟೆಂಬುದು ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ತಿಳಿದ ವಿಷಯವಷ್ಟೆ. ಸಾಮಾನ್ಯವಾಗಿ ಮೈಲಿಗೆ ೮ ಅಂಗುಲದ ಪ್ರಮಾಣದಲ್ಲಿ ಬರೆಯಲ್ಪಟ್ಟಿರುವ ಈ ನಕ್ಷೆಯಲ್ಲಿ ಸರ್ವೆ ನಂಬರುಗಳು, ಕೆರೆ, ಹಳ್ಳ, ಬಂಡಿದಾರಿ, ಗ್ರಾಮಠಾಣ ಮೊದಲಾದುವು ಕಾಣುತ್ತವೆ. ಆದರೆ ಯಾವ ಹೊಲದ ಮಣ್ಣು ಎಷ್ಟು ಆಳವಿದೆ, ಯಾವ ಕೇರಿಗೆ ಕುಡಿಯುವ ನೀರು ಸಾಲದು ಎಂಬ ಸಂಗತಿಗಳು ಅದರಲ್ಲಿರುವುದಿಲ್ಲ. ಅವು ಬೇರೆ ಬೇರೆ ಕಚೇರಿಗಳ ದಫ್ತರಗಳಲ್ಲಿ ಚದುರಿರುತ್ತವೆ.

ಇವನ್ನು ಒಂದುಗೂಡಿಸುವ ಸಾಧನವೇ ಭೌಗೋಳಿಕ ಮಾಹಿತಿ ವ್ಯವಸ್ಥೆ. ಒಂದೇ ಗ್ರಾಮವನ್ನು ತೆಳುವಾದ ಹಲವು ಎಣ್ಣೆಕಾಗದಗಳ ಮೇಲೆ ಬರೆದು, ಒಂದರಲ್ಲಿ ಮಣ್ಣನ್ನೂ, ಇನ್ನೊಂದರಲ್ಲಿ ಇಳಿಜಾರನ್ನೂ, ಮತ್ತೊಂದರಲ್ಲಿ ಮನೆಗಳನ್ನೂ ಗುರುತಿಸಿ, ಒಂದರ ಮೇಲೊಂದನ್ನಿಟ್ಟು ನೋಡಿದಂತೆ ಗಣಕಯಂತ್ರವು ಎಲ್ಲವನ್ನೂ ಕೂಡಿಸಿ ತೋರಿಸುತ್ತದೆ. ಕೆರೆಗೆ ಹೂಳು ಯಾವ ಹೊಲಗಳಿಂದ ಹೆಚ್ಚಾಗಿ ಬರುವ ಸಂಭವವಿದೆಯೆಂದು ಕೇಳಿದರೆ, ಸರ್ವೆ ನಂಬರುಗಳೇ ದೊರೆಯುತ್ತವೆ. ಅಲ್ಲಿ ಬದು ಹಾಕದೆ ಹೂಳನ್ನು ಮಾತ್ರ ಎತ್ತಿದರೆ ಕೆರೆಯು ಪುನಃ ತುಂಬುವುದರಲ್ಲಿ ಸಂದೇಹವಿಲ್ಲ.

೨೦೧೨ರಲ್ಲಿ ವಿಶ್ವಬ್ಯಾಂಕಿನ ನೆರವು ಮಂಜೂರಾಗಿ, ಕರ್ನಾಟಕದ ೧೧ ಜಿಲ್ಲೆಗಳಿಗೆ ವ್ಯಾಪಿಸಿದ ಮೂರನೆಯ ಸುಜಲ ಯೋಜನೆಯಲ್ಲಿ ಈ ಕ್ರಮವನ್ನೇ ಅನುಸರಿಸಲಾಯಿತು. ಗ್ರಾಮನಕ್ಷೆಯನ್ನು ಆಧಾರವಾಗಿಟ್ಟುಕೊಂಡು ಮಣ್ಣಿನ ಆಳ, ಕಲ್ಲಿನಂಶ, ಇಳಿಜಾರು, ಸಾರ ಇವನ್ನು ಪರೀಕ್ಷಿಸಿ, ಯಾವ ಬೆಳೆ ಒಗ್ಗುವುದು, ಮಣ್ಣನ್ನು ಹೇಗೆ ಕಾಯತಕ್ಕದ್ದು ಎಂಬುದನ್ನು ನಿರ್ಣಯಿಸಲಾಯಿತು. ನೀರಿನ ತೊಟ್ಟಿಯ ನೆಲೆ, ರಸ್ತೆ, ಆರೋಗ್ಯ ಕೇಂದ್ರ ಮುಂತಾದ ಸಾರ್ವಜನಿಕ ಕಾರ್ಯಗಳಿಗೂ ಇದೇ ವಿಧಾನವು ಉಪಯುಕ್ತವಾಗಿದೆ. ಹಳೆಯ ನಕ್ಷೆಯಲ್ಲಿ ಬರಿಯ ಒಂದು ಗುರುತಾಗಿದ್ದ ಗ್ರಾಮಠಾಣದ ಮನೆಗಳನ್ನು ಡ್ರೋನುಗಳ ಮೂಲಕ ಬಿಡಿಬಿಡಿಯಾಗಿ ಗುರುತಿಸುವ ಸ್ವಾಮಿತ್ವ ಯೋಜನೆಯು ೨೦೨೦ರ ಏಪ್ರಿಲ್ ೨೪ರಂದು ಆರಂಭವಾಯಿತು.

ಇಷ್ಟಾದರೂ ಯಂತ್ರವು ತನಗೆ ಕೊಟ್ಟುದನ್ನಲ್ಲದೆ ಬೇರೆಯದನ್ನು ಅರಿಯದು. ನಕ್ಷೆಗೆ ಸೇರದ ಹಟ್ಟಿಯು ಲೆಕ್ಕಕ್ಕೂ ಸೇರುವುದಿಲ್ಲ. ಲೆಕ್ಕಕ್ಕೆ ಸೇರದ ಹಟ್ಟಿಗೆ ನೀರಿನ ಕೊಳವೆಯೂ ಬರುವುದಿಲ್ಲ. ಒತ್ತುವರಿಯಾಗಿ ಮುಚ್ಚಿಹೋದ ರಾಜಕಾಲುವೆಯನ್ನು ಆಕಾಶದಿಂದ ತೆಗೆದ ಚಿತ್ರವು ಹೊಲವೆಂದೇ ತೋರಿಸಬಹುದು. ಅದು ಕಾಲುವೆಯೆಂದು ಹೇಳಬಲ್ಲವರು ಹಳೆಯ ನಕ್ಷೆಯೂ ಊರಿನ ಹಿರಿಯರೂ ಮಾತ್ರ.

ಹದ್ದಿನ ವಿಷಯದಲ್ಲಿಯೂ ಎಚ್ಚರವಿರತಕ್ಕದ್ದು. ಮೇಲ್ಕಂಡ ಪ್ರಮಾಣದ ನಕ್ಷೆಯಲ್ಲಿ ಗೆರೆಯು ಅಂಗುಲದ ಇಪ್ಪತ್ತನೆಯ ಒಂದು ಪಾಲು ಸರಿದರೆ ನೆಲದ ಮೇಲೆ ೩೩ ಅಡಿ ಸರಿದಂತಾಗುವುದು. ೩೩ ಅಡಿ ಉದ್ದ, ೩೩ ಅಡಿ ಅಗಲದ ನೆಲವೇ ಒಂದು ಗುಂಟೆಯಷ್ಟೆ. ಆದುದರಿಂದ ಮೊಬೈಲಿನಲ್ಲಿ ಕಂಡ ಗೆರೆಯನ್ನು ನಂಬಿ ಬಾಂದು ಕಲ್ಲನ್ನು ಕೀಳುವುದು ಜಗಳಕ್ಕೆ ಮೂಲವೇ ಹೊರತು ನ್ಯಾಯಕ್ಕಲ್ಲ. ಭೂಮಾಪಕರಿಂದ ಹದ್ದುಬಸ್ತು ಮಾಡಿಸಿಕೊಳ್ಳುವುದೇ ಸರಿಯಾದ ಮಾರ್ಗ.

ಅಳತೆಯವರು ಗ್ರಾಮಕ್ಕೆ ಬಂದಾಗ ಮುಖಂಡರು ಹಿರಿಯರೊಡನೆ ಕೂಡಿ ಹೋಗಿ, ಕಾಲುವೆ, ಗುಂಡುತೋಪು, ಸ್ಮಶಾನದ ದಾರಿ, ದೂರದ ಹಟ್ಟಿ ಇವನ್ನು ತೋರಿಸಿಕೊಡಬೇಕು. ನಕ್ಷೆಯನ್ನು ಅಂತಿಮಗೊಳಿಸುವ ಮೊದಲು ಗ್ರಾಮಸಭೆಯಲ್ಲಿ ಎಲ್ಲರ ಮುಂದಿಟ್ಟು ತಪ್ಪನ್ನು ತಿದ್ದಿಸಬೇಕು. ಒಂದು ದಿನದ ಈ ಶ್ರಮವು ಮುಂದಿನ ಹಲವು ವರ್ಷಗಳ ವ್ಯಾಜ್ಯವನ್ನು ತಪ್ಪಿಸೀತು.