ಡೀಸೆಲ್ ಉಳಿಯೋದು ಡ್ರೈವರನ ಕಾಲಿನಲ್ಲಿ

ಬ್ಯಾರಿ ಮನೆಗಳಿಗೂ ಲಾರಿಗೂ ಹಳೆಯ ನಂಟು. ಊರಲ್ಲಿ ಮೀನಿನ ಲಾರಿ, ಗಲ್ಫಿನಲ್ಲಿ ಟ್ರೈಲರ್. ಹಾಗಾಗಿ ಮೈಲೇಜ್ ಅಂದರೆ ಮನೆ ಖರ್ಚಿನ ಲೆಕ್ಕವೂ ಹೌದು.

ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿ.ಮೀ. ಲೀಟರಿಗೆ 4 ಕಿ.ಮೀ. ಕೊಡುವ ಲಾರಿಗೆ 87 ಲೀಟರ್ ದಾಟುತ್ತದೆ. ನಾಲ್ಕೂವರೆ ಕೊಟ್ಟರೆ 78 ಸಾಕು. ಒಂದು ಟ್ರಿಪ್ಪಿಗೆ ಹತ್ತಿರ ಹತ್ತಿರ 10 ಲೀಟರ್ ಉಳಿತಾಯ!

ಆ ಅರ್ಧ ಕಿಲೋಮೀಟರ್ ಸಿಗುವುದು ಓಡಿಸುವ ರೀತಿಯಿಂದ. ಎಕ್ಸಲರೇಟರ್ ಒಮ್ಮೆಲೇ ಒತ್ತಿ, ಮರುಕ್ಷಣ ಬ್ರೇಕ್ ಹಾಕಿದರೆ ಸುಟ್ಟ ಡೀಸೆಲ್ ದಂಡ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ.

ದಮ್ಮಾಮ್–ರಿಯಾದ್‌ನಂಥ ಉದ್ದದ ರಸ್ತೆಯಲ್ಲಿ ಕ್ರೂಸ್ ಕಂಟ್ರೋಲ್ ಒಳ್ಳೆಯದೇ, ವೇಗ ಏರಿಳಿಯುವುದಿಲ್ಲ. ಶಿರಾಡಿ ಘಾಟಿಯಲ್ಲಿ ಮಾತ್ರ ಬೇಡ. ಮುಂದಿನ ಏರು, ತಿರುವು ಡ್ರೈವರನಿಗೆ ಕಾಣುತ್ತದೆ, ಸಾದಾ ಕ್ರೂಸಿಗೆ ಕಾಣುವುದಿಲ್ಲ. ಇಟ್ಟ ವೇಗ ಹಿಡಿಯಲು ಅದು ಏರಿನಲ್ಲಿ ಡೀಸೆಲ್ ಸುರಿಯುತ್ತಲೇ ಇರುತ್ತದೆ.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಉಳಿತಾಯ ಅನ್ನುವುದು ತಪ್ಪು. ಈಗಿನ ಇಂಜಿನ್‌ಗಳಲ್ಲಿ ಗೇರಿನಲ್ಲಿದ್ದು ಕಾಲು ತೆಗೆದರೆ ಡೀಸೆಲ್ ತಾನಾಗಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಡೀಸೆಲೂ ಖರ್ಚು, ಬ್ರೇಕ್ ಕಾದು ಜೀವಕ್ಕೂ ಅಪಾಯ.

ವುಝೂವಿನ ನೀರಲ್ಲೂ ಇಸ್ರಾಫ್ ಬೇಡವೆಂದು ಕಲಿತವರು ನಾವು. ಡೀಸೆಲ್ ಮಾತ್ರ ಬಿಟ್ಟಿಯೇ? ಮನೆಯವರೂ ಫೋನಿನಲ್ಲಿ ‘ಬೇಗ ಬನ್ನಿ’ ಅನ್ನುವ ಬದಲು ‘ನಿಧಾನ ಬನ್ನಿ’ ಅನ್ನಲಿ.